ಕುದುರೆಯ ಮನಸ್ಸು, ಫೋಟೊ ನೋಡಿದವರ ಮಾತು

ಓದುಗರ ಪ್ರಶ್ನೆ, ಲಾಯದಿಂದ ಉತ್ತರ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಎರಡು ಕುದುರೆ ಇವೆ. ಒಂಬತ್ತು ವರ್ಷದ ಕಂದು ಹೆಣ್ಣು, ಜೊತೆಗೆ ಬೀಜ ತೆಗೆಸಿದ ಬಿಳಿ ಗಂಡು. ಪರಿಚಿತರ ಮಾತು ಕೇಳಿ ಹೆಣ್ಣಿನ ಫೋಟೊ, ಹೆಸರು, ವಯಸ್ಸನ್ನು ಪ್ರಾಣಿಯ ಮನಸ್ಸು ಓದಿ ಹೇಳುತ್ತೇನೆ ಅನ್ನುವ ಒಬ್ಬ ಅನಿಮಲ್ ಕಮ್ಯುನಿಕೇಟರ್‌ಗೆ ವಾಟ್ಸಾಪ್ ಮಾಡಿದೆವು. ಬಂದ ಉತ್ತರ ಇದು: "ಇವಳು ಹುಟ್ಟು ರಾಣಿ. ಹೊರಗೆ ಬಿಗುಮಾನ, ಒಳಗೆ ಮೆತ್ತಗೆ. ನಂಬಿಕೆ ಬರಲು ಸಮಯ ಬೇಕು. ಹಿಂದಿನ ಮನೆಯಲ್ಲಿ ಒಬ್ಬ ಗಂಡಸಿನಿಂದ ನೊಂದಿದ್ದಾಳೆ. ಬಿಳಿ ಕುದುರೆಯ ಮೇಲೆ ಹೊಟ್ಟೆಕಿಚ್ಚು. ಬೆನ್ನು ಭಾರ ಅನ್ನುತ್ತಾಳೆ." ಇದರಲ್ಲಿ ನಂಬುವುದೆಷ್ಟು, ಬಿಡುವುದೆಷ್ಟು? (ತೀರ್ಥಹಳ್ಳಿಯ ಓದುಗರು)

ಉತ್ತರ: ಆರು ವಾಕ್ಯ ಇವೆ. ಹಾಳೆಯಲ್ಲಿ ಒಂದರ ಕೆಳಗೊಂದು ಬರೆದು, ಯಾವುದನ್ನು ಲಾಯಕ್ಕೆ ಹೋಗಿ ಪರೀಕ್ಷೆ ಮಾಡಬಹುದು ಅಂತ ನೋಡಿ. ನಾಲ್ಕು ಅಲ್ಲಿಗೇ ಉದುರುತ್ತವೆ.

ನಂಬಿಕೆ ಬರಲು ಸಮಯ ಬೇಡದ ಕುದುರೆ ಎಲ್ಲಿದೆ? ಅಪಾಯ ಕಂಡರೆ ಓಡಿಯೇ ಜೀವ ಉಳಿಸಿಕೊಂಡು ಬಂದ ಜಾತಿ ಅದು. ಹೊರಗೆ ಬಿಗು, ಒಳಗೆ ಮೆತ್ತಗೆ ಅನ್ನುವ ಮಾತು ನಿಮ್ಮ ಭಾವನಿಗೂ ಹೊಂದುತ್ತದೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ "ಇದು ನಿನ್ನೊಬ್ಬನ ಸ್ವಭಾವ ವಿವರಣೆ" ಎಂದು ಹೇಳಿ, ಎಲ್ಲರ ಕೈಗೂ ಒಂದೇ ಬರಹ ಕೊಟ್ಟಿದ್ದ. ಎಷ್ಟು ಸರಿಯಾಗಿದೆ ಎಂದು 5ಕ್ಕೆ ಅಂಕ ಹಾಕಿಸಿದಾಗ ಸರಾಸರಿ 4.26 ಬಂತು. ಕುದುರೆಗಾದರೆ ಓದಿ ತಲೆದೂಗುವುದು ಕುದುರೆಯಲ್ಲ, ಯಜಮಾನ. ಕೆಲಸ ಇನ್ನೂ ಸುಲಭ.

"ಗಂಡಸಿನಿಂದ ನೊಂದಿದ್ದಾಳೆ" ಅನ್ನುವುದು ತಪ್ಪಲಾಗದ ಊಹೆ. ನಮ್ಮ ಕಡೆ ಕುದುರೆ ಸಾಕುವವರು, ಓಡಿಸುವವರು, ಲಾಳ ಕಟ್ಟುವವರು ಹೆಚ್ಚಾಗಿ ಗಂಡಸರೇ. ಬಿಳಿ ಕುದುರೆ ನೀವು ಕಳಿಸಿದ ಫೋಟೊದ ಮೂಲೆಯಲ್ಲಿ ನಿಂತಿತ್ತೇ ಅಂತ ಒಮ್ಮೆ ತೆಗೆದು ನೋಡಿ.

ಉಳಿದವು ಎರಡು: ಹೊಟ್ಟೆಕಿಚ್ಚು ಮತ್ತು ಬೆನ್ನು. ಇವನ್ನು ಅವರು ಹೇಗೆ ತಿಳಿದರು ಅನ್ನುವ ಚರ್ಚೆ ಬಿಟ್ಟು, ನೀವೇ ನೋಡಿ.

ಹೊಟ್ಟೆಕಿಚ್ಚಿಗೆ ಒಂದು ನೋಟ್‌ಬುಕ್ ಸಾಕು. ಏಳು ದಿನ, ದಿನಕ್ಕೆ ಮೂರು ಸಲ, ಸಲಕ್ಕೆ 20 ನಿಮಿಷ: ಹುಲ್ಲು ಹಾಕುವ ಮುಂಚೆ, ಹಾಕಿದಾಗ, ಮಧ್ಯಾಹ್ನ ಸುಮ್ಮನೆ ನಿಂತಿರುವಾಗ. ಬರೆಯಬೇಕಾದದ್ದು ಒಂದೇ: ಯಾರು ಹತ್ತಿರ ಬಂದಾಗ ಯಾರು ಜಾಗ ಬಿಟ್ಟರು. "ಸಿಟ್ಟು ಮಾಡಿದಳು", "ಮುನಿಸಿಕೊಂಡಳು" ಅಂತ ಬರೆಯಬೇಡಿ. ಕಿವಿ ಹಿಂದಕ್ಕೆ ಮಲಗಿತು, ಕತ್ತು ಚಾಚಿದಳು, ಬಿಳಿಯದು ಎರಡು ಹೆಜ್ಜೆ ಸರಿಯಿತು ಅಂತ ಬರೆಯಿರಿ. ಹೆಣ್ಣಿಗೆ ಬೆದೆ ಸುಮಾರು 21 ದಿನಕ್ಕೊಮ್ಮೆ ಬಂದು ಐದರಿಂದ ಏಳು ದಿನ ಇರುತ್ತದೆ, ಆ ತಾರೀಕುಗಳನ್ನೂ ಅಂಚಿನಲ್ಲಿ ಗುರುತು ಹಾಕಿ. ಬೆದೆಯ ದಿನಗಳಲ್ಲಷ್ಟೇ ಬರುವ ಕೋಪಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಬಕೆಟ್ ಹತ್ತಿರ ಓಡಿಸುವ ಹೆಣ್ಣು ಮಧ್ಯಾಹ್ನ ಅದೇ ಬಿಳಿಯ ಜೊತೆ ತಲೆಗೆ ಬಾಲ ಕೊಟ್ಟು ನಿಂತು ಪರಸ್ಪರ ನೊಣ ಓಡಿಸುತ್ತಿದ್ದರೆ ಅಲ್ಲಿ ಹೊಟ್ಟೆಕಿಚ್ಚಿಲ್ಲ, ಎರಡು ಬಕೆಟ್ ಹತ್ತಿರ ಹತ್ತಿರ ಇವೆ ಅಷ್ಟೆ. ಎಂಟು ಹತ್ತು ಮೀಟರ್ ದೂರ ಇಡಿ, ಹುಲ್ಲಿನ ಗುಡ್ಡೆ ಮೂರು ಮಾಡಿ. ಮಧ್ಯಾಹ್ನವೂ ಬಿಳಿಯದು ಹತ್ತಿರ ಸುಳಿಯಲಾಗದಿದ್ದರೆ ಮಾತ್ರ ಅವೆರಡಕ್ಕೆ ಸರಿಹೋಗಿಲ್ಲ ಅನ್ನಬಹುದು.

ಈಗ ಬೆನ್ನು. ಟೇಪು ತೆಗೆದುಕೊಂಡು ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಆಮೇಲೆ ಭುಜದ ಮುಂತುದಿಯಿಂದ ಪೃಷ್ಠದ ತುದಿವರೆಗೆ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕುದುರೆಯ ತೂಕ ಕೆಜಿಯಲ್ಲಿ ಸಿಗುತ್ತದೆ. ಸುತ್ತಳತೆ 150, ಉದ್ದ 140 ಇದ್ದರೆ ಸುಮಾರು 265 ಕೆಜಿ. ಸವಾರ, ಜೀನು ಎಲ್ಲ ಸೇರಿ ಅದರ ಐದನೇ ಒಂದು ಭಾಗ ದಾಟಬಾರದು, ಅಂದರೆ 53 ಕೆಜಿ. ಜೀನು ಎಂಟು ಕೆಜಿ ಇದ್ದರೆ ಮೇಲೆ ಕೂರುವವರಿಗೆ ಉಳಿದದ್ದು 45. ವಾರಾಂತ್ಯಕ್ಕೆ ಬರುವ ಎಂಬತ್ತು ಕೆಜಿಯ ಅತಿಥಿಯನ್ನು ಮಳೆಗಾಲದ ಜಾರು ಜಂಬಿಟ್ಟಿಗೆ ದಾರಿಯಲ್ಲಿ ಹತ್ತಿಸಿದರೆ ಬೆನ್ನು ಭಾರ ಅನ್ನಲು ಕುದುರೆಗೆ ದುಭಾಷಿ ಬೇಕಾಗಿಲ್ಲ.

ಸವಾರಿ ಮುಗಿದ ಕೂಡಲೇ ಜೀನು ಎತ್ತಿ ಬೆವರಿನ ಅಚ್ಚು ನೋಡಿ. ಸುತ್ತ ಒದ್ದೆ, ನಡುವೆ ಅಂಗೈಯಷ್ಟು ಒಣಗಿದ ತೇಪೆ ಇದ್ದರೆ ಅಲ್ಲಿ ಜೀನು ಒತ್ತುತ್ತಿರಬಹುದು. ಅದೇ ಜಾಗದಲ್ಲಿ ಬಿಳಿ ಕೂದಲು ಹುಟ್ಟಿದ್ದರೆ ಒತ್ತುತ್ತಿರುವುದು ಇಂದು ನಿನ್ನೆಯದಲ್ಲ. ಸವಾರ ಕೂತಾಗಲೂ ಹೆಗಲ ದಿಬ್ಬ ಮತ್ತು ಜೀನಿನ ನಡುವೆ ಎರಡು ಮೂರು ಬೆರಳು ಸಲೀಸಾಗಿ ಹೋಗಬೇಕು. ಜೀನಿನ ಹಿಂದಂಚು ಕೊನೆಯ ಪಕ್ಕೆಲುಬು ದಾಟಬಾರದು. ಆಮೇಲೆ ಬೆನ್ನುಮೂಳೆಯ ಎರಡೂ ಬದಿ, ನಾಲ್ಕು ಬೆರಳು ಬಿಟ್ಟು, ಮಾವಿನಹಣ್ಣು ಕಳಿತಿದೆಯೇ ಅಂತ ಒತ್ತಿ ನೋಡುವಷ್ಟೇ ಬಲದಲ್ಲಿ ಹೆಗಲಿಂದ ಸೊಂಟದವರೆಗೆ ಒತ್ತುತ್ತ ಹೋಗಿ. ಒಂದು ಕಡೆ ಬೆನ್ನು ಕುಸಿದು, ಬಾಲ ಬೀಸಿ, ಕಿವಿ ಮಲಗಿದರೆ ಅಲ್ಲಿ ನಿಲ್ಲಿಸಿ, ಬದಿ ಬದಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಒತ್ತಿ. ಅದೇ ಜಾಗದಲ್ಲಿ ಅದೇ ಉತ್ತರ ಬಂದರೆ ಸವಾರಿ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ.

ಇನ್ನೊಂದು ಮಾತು. ಬಿಗುಮಾನ ಅಂದದ್ದು ನೋವಿನ ಮುಖವೂ ಆಗಿರಬಹುದು. 2014ರಲ್ಲಿ ಪ್ರಕಟವಾದ ಕುದುರೆ ನೋವಿನ ಅಳತೆಪಟ್ಟಿಯಲ್ಲಿ ಆರು ಗುರುತುಗಳಿವೆ: ಬಿಗಿಯಾಗಿ ಹಿಂದಕ್ಕೆ ತಿರುಗಿದ ಕಿವಿ, ಅರೆಮುಚ್ಚಿದ ಕಣ್ಣು, ಕಣ್ಣಿನ ಮೇಲೆ ಎದ್ದು ಕಾಣುವ ಎಲುಬು, ಗಟ್ಟಿಯಾದ ದವಡೆಯ ಸ್ನಾಯು, ಬಿಗಿದ ತುಟಿ ಗಲ್ಲ, ಹಿಗ್ಗಿ ಬಿಗಿದ ಮೂಗುಹೊಳ್ಳೆ. ಒಂದೊಂದಕ್ಕೆ 0, 1 ಅಥವಾ 2, ಒಟ್ಟು 12. ಕುದುರೆ ತಿನ್ನದೆ, ಆಕಳಿಸದೆ, ಯಾರನ್ನೂ ದಿಟ್ಟಿಸದೆ ನಿಂತಿರುವಾಗ ದೂರದಿಂದ ನೋಡಿ ಹಾಕಬೇಕು. ನಿಮ್ಮದು ಮಾರ್ವಾಡಿ ಅಥವಾ ಕಾಠಿಯಾವಾಡಿ ಮಿಶ್ರ ತಳಿಯಾದರೆ ಕಿವಿಯ ತುದಿ ಒಳಕ್ಕೆ ಬಾಗಿ ಏನೇನೋ ಅನಿಸುತ್ತದೆ. ತುದಿ ಬಿಡಿ, ಕಿವಿಯ ಬುಡ ಎತ್ತ ತಿರುಗಿದೆ ನೋಡಿ.

ಕಮ್ಯುನಿಕೇಟರನ್ನೇ ಪರೀಕ್ಷಿಸುವ ಮನಸ್ಸಿದ್ದರೆ ಫೋಟೊದಲ್ಲಿ ಕಾಣದ, ನಿಮಗೆ ಖಚಿತವಾಗಿ ಗೊತ್ತಿರುವ ಹತ್ತು ಹೌದು/ಅಲ್ಲ ಪ್ರಶ್ನೆ ಬರೆಯಿರಿ. ಎಡ ಹಿಂಗಾಲಿಗೆ ಲಾಳ ಇದೆಯೇ, ಬೆಲ್ಲ ತಿನ್ನುತ್ತಾಳೆಯೇ, ಮರಿ ಹಾಕಿದ್ದಾಳೆಯೇ, ಹೀಗೆ. ಉತ್ತರ ಲಕೋಟೆಯಲ್ಲಿಟ್ಟು ಮುಚ್ಚಿ. ನಿಮ್ಮ ಪರವಾಗಿ ಫೋನಿನಲ್ಲಿ ಪ್ರಶ್ನೆ ಕೇಳುವವರು ಉತ್ತರ ತಿಳಿಯದವರಾಗಿರಲಿ. ನಾಣ್ಯ ಚಿಮ್ಮಿದರೂ ಸರಾಸರಿ ಐದು ಸರಿ ಬರುತ್ತದೆ. ಒಂಬತ್ತು ಅಥವಾ ಹತ್ತು ಸರಿಯಾಗಲು ನಾಣ್ಯಕ್ಕೆ ಇರುವ ಅವಕಾಶ ನೂರಕ್ಕೆ ಒಂದು.

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಎರಡು ಕುದುರೆ ಮೇಯುತ್ತವೆ. ಹೊಸದಾಗಿ ಒಂದು ತಟ್ಟು (ಸಣ್ಣ ಕುದುರೆ) ಬರಲಿದೆ. "ಹಳೆಯ ಗಂಡು ಗುಂಪಿನ ಯಜಮಾನ, ಅವನ ಒಪ್ಪಿಗೆ ನಾನು ಪಡೆದುಕೊಡುತ್ತೇನೆ, ಆಮೇಲೆ ನೇರವಾಗಿ ಒಟ್ಟಿಗೆ ಬಿಡಿ" ಎಂದು ಕಮ್ಯುನಿಕೇಟರ್ ಹೇಳಿದ್ದಾರೆ. ಬಿಡಬಹುದೇ? (ಸಾಗರದ ಓದುಗರು)

ಉತ್ತರ: ಬಿಡಬೇಡಿ. ಒಪ್ಪಿಗೆ ಸಿಕ್ಕರೂ ಸಿಗದಿದ್ದರೂ ಮೊದಲ 21 ದಿನ ತಟ್ಟು ಬೇರೆ ಕೊಟ್ಟಿಗೆಯಲ್ಲಿ, ಬೇರೆ ಬಕೆಟ್, ಬೇರೆ ಬ್ರಷ್, ಬೇರೆ ಹಗ್ಗದಲ್ಲಿ ಇರಬೇಕು. ಬೆಳಿಗ್ಗೆ ಸಂಜೆ ಜ್ವರ ನೋಡಿ ಬರೆದಿಡಿ, 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸರಿ. ಗ್ಲ್ಯಾಂಡರ್ಸ್ ಪರೀಕ್ಷೆಗೆ ರಕ್ತ ಕೊಡಿಸಿ. ಅದು ಕುದುರೆಯಿಂದ ಮನುಷ್ಯನಿಗೂ ಹತ್ತುವ ರೋಗ, 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯಡಿ ವರದಿ ಮಾಡಲೇಬೇಕಾದದ್ದು. ಪಶು ಇಲಾಖೆಯ ಮೂಲಕ ಹೋದ ಮಾದರಿಯನ್ನು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದಲ್ಲಿ ನೋಡುತ್ತಾರೆ. ವರದಿ ಬರುವವರೆಗೆ ಮೂಗಿಗೆ ಮೂಗು ತಾಗಿಸಲು ಬಿಡಬೇಡಿ.

ಯಜಮಾನ ಅನ್ನುವ ಮಾತಿನ ಬಗ್ಗೆ. ಬಕೆಟ್ಟಿಗೆ ಮೊದಲು ಬಾಯಿ ಹಾಕುವವನೇ ಮೇವಿಗೆ ದಾರಿ ತೋರಿಸುವವನೂ ಆಗಬೇಕಿಲ್ಲ. ಮುಂದಾಳು ಹೆಣ್ಣು ಒಂದೇ ಹಿಂಡನ್ನು ನಡೆಸುತ್ತದೆ ಅನ್ನುವ ನಂಬಿಕೆಯೂ, ಕಾಡು ಹಿಂಡುಗಳನ್ನು ಕೂತು ನೋಡಿದವರ ಲೆಕ್ಕದಲ್ಲಿ, ಉಳಿದಿಲ್ಲ. ಯಾವ ಸದಸ್ಯ ಬೇಕಾದರೂ ಹೆಜ್ಜೆ ಕಿತ್ತಿಡಬಹುದು, ಉಳಿದವು ಹಿಂಬಾಲಿಸುತ್ತವೆ. ಮೇಲು ಕೆಳಗು ಇರುವುದು ನಿಜ, ಆದರೆ ಅದು ಎರಡೆರಡು ಕುದುರೆಗಳ ನಡುವಿನ ಒಪ್ಪಂದ. ಹಳೆಯ ಗಂಡು ಹೆಣ್ಣನ್ನು ಓಡಿಸಬಹುದು, ಹೆಣ್ಣು ತಟ್ಟನ್ನು ಓಡಿಸಬಹುದು, ತಟ್ಟು ಹಳೆಯ ಗಂಡಿಗೆ ಸೊಪ್ಪು ಹಾಕದಿರಬಹುದು. ಮುಂಚೆಯೇ ಮಾತಾಡಿ ಇತ್ಯರ್ಥ ಮಾಡುವ ವ್ಯವಹಾರವಲ್ಲ ಅದು.

ಇಪ್ಪತ್ತೊಂದು ದಿನ ಕಳೆದ ಮೇಲೆ ನಡುವೆ ಮರದ ಅಡ್ಡಪಟ್ಟಿಯ ಬೇಲಿ ಇಟ್ಟು ಅಕ್ಕಪಕ್ಕ ಬಿಡಿ. ಎತ್ತರ 1.3 ಮೀಟರಿಗೆ ಕಡಿಮೆ ಬೇಡ. ಮುಳ್ಳುತಂತಿ ಬೇಡವೇ ಬೇಡ. ಮೂಸುವಾಗ ಮುಂಗಾಲು ಎತ್ತಿ ಹೊಡೆಯುತ್ತವೆ, ಕಾಲು ತಂತಿಯಲ್ಲಿ ಸಿಕ್ಕಿದರೆ ಚರ್ಮ ಕಾಲುಚೀಲದಂತೆ ಸುಲಿದು ಬರುತ್ತದೆ. ಅಡಿಕೆ ದಬ್ಬೆಯೂ ಸೀಳಿದರೆ ಈಟಿಯೇ. ಐದರಿಂದ ಏಳು ದಿನ ಹೀಗಿರಲಿ. ಕಿರುಚಾಟ ಕಡಿಮೆಯಾಗಿ, ಬೇಲಿಯ ಎರಡೂ ಬದಿ ಹತ್ತಿರ ಹತ್ತಿರ ಮೇಯತೊಡಗಿದ ಮೇಲೆ ಮುಂದಿನ ಹೆಜ್ಜೆ.

ಮೊದಲು ನಿಮ್ಮ ಎರಡರಲ್ಲಿ ಸಾಧುವಾದದ್ದನ್ನು ಮಾತ್ರ ತಟ್ಟಿನ ಜೊತೆ ಎರಡು ಮೂರು ದಿನ ಬಿಡಿ, ಆಮೇಲೆ ಇನ್ನೊಂದನ್ನು ಸೇರಿಸಿ. ಹಿಂಗಾಲಿನ ಲಾಳ ತೆಗೆಸಿರಬೇಕು. ಹೊತ್ತು ಬೆಳಗಿನದಾಗಿರಲಿ, ಮಳೆ ಹೊಳವಾದ ದಿನ, ಹೊಟ್ಟೆ ತುಂಬ ಹುಲ್ಲು ತಿಂದ ಮೇಲೆ. ಹುರುಳಿ, ತೌಡಿನ ಬಕೆಟ್ ಆ ಕಡೆ ಸುಳಿಯಬಾರದು. ಮೂರು ಕುದುರೆಗೆ ಐದು ಹುಲ್ಲಿನ ಗುಡ್ಡೆ, ನಡುವೆ ಎಂಟು ಹತ್ತು ಮೀಟರ್. ನೀರು ಎರಡು ಕಡೆ. ನಮ್ಮ ಬೇಣಗಳಲ್ಲಿ ದೊಡ್ಡ ಅಪಾಯ ಇನ್ನೊಂದು ಕುದುರೆಯಲ್ಲ, ಅಗಳ, ಅಂದರೆ ಅಂಚಿನ ಕಂದಕ. ಅಟ್ಟಿಸಿಕೊಂಡು ಓಡುವ ಕುದುರೆ ಹುಲ್ಲು ಮುಚ್ಚಿದ ಅಗಳಕ್ಕೆ ಬಿದ್ದರೆ ಕಾಲು ಮುರಿಯುತ್ತದೆ. ಹಿಂದಿನ ದಿನ ಸುತ್ತ ನಡೆದು, ಅಗಳದ ಒಳಬದಿಗೆ ಎರಡು ಮೀಟರ್ ಬಿಟ್ಟು ಬಿಳಿ ಹಗ್ಗ ಎಳೆಯಿರಿ. ಕೆಂಪು ಬಟ್ಟೆ ಕಟ್ಟಬೇಡಿ: ಕುದುರೆಗೆ ಕೆಂಪು ಹಸಿರು ಬೇರೆ ಬೇರೆ ಕಾಣುವುದಿಲ್ಲ.

ಬಿಟ್ಟ ಮೇಲೆ ಮೂಗು ಮೂಸುವುದು, ಕೀರಲು ಕೂಗು, ಮುಂಗಾಲು ಬಡಿಯುವುದು, ಕಿವಿ ಮಲಗಿಸಿ ಹತ್ತಿಪ್ಪತ್ತು ಗಜ ಅಟ್ಟುವುದು ಎಲ್ಲ ಇದ್ದದ್ದೇ. ಎಳೆಯ ತಟ್ಟಾದರೆ ದೊಡ್ಡವರ ಎದುರು ಬಾಯಿ ತೆರೆದು ಹಲ್ಲು ಕಟಕಟ ಮಾಡುತ್ತದೆ. ಅದು ಬೆದರಿಕೆಯಲ್ಲ, "ನಾನಿನ್ನೂ ಮರಿ" ಅನ್ನುವ ನಿವೇದನೆ. ಒಂದು ಮೂಲೆಗೆ ಒತ್ತಿ ಹೊರಬರಲು ಬಿಡದಿದ್ದರೆ, ಹಿಂದೆ ತಿರುಗಿ ಎರಡೂ ಕಾಲಿನಿಂದ ಮತ್ತೆ ಮತ್ತೆ ಒದ್ದರೆ, ನೀರಿನ ಹತ್ತಿರ ಹೋಗಲು ಬಿಡದಿದ್ದರೆ ಬೇರೆ ಮಾಡಿ. ಮಾಡುವಾಗ ನಡುವೆ ನುಗ್ಗಬೇಡಿ. ಅಟ್ಟುತ್ತಿರುವ ಕುದುರೆಯನ್ನು ದೂರದಿಂದ ಬಕೆಟ್ ಬಡಿದು ಸೆಳೆಯಿರಿ. ಓಡುತ್ತಿರುವುದು ತಾನೇ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಹದಿನಾಲ್ಕು ವರ್ಷದ ಗಂಡು ಕುದುರೆಯ ಜೊತೆಗಾರನನ್ನು ಜೂನ್‌ನಲ್ಲಿ ಮಾರಿದೆವು. ಆಮೇಲೆ ಇದು ಮಂಕಾಗಿದೆ. ನಿಂತಲ್ಲೇ ತೂಕಡಿಸುತ್ತದೆ, ಕರೆದರೆ ತಿರುಗುವುದಿಲ್ಲ. ಮುಂಗಾಲಿನ ಗಿಣ್ಣಿನ ಮುಂಭಾಗದಲ್ಲಿ ತರಚು ಗಾಯ, ಜಾರಿ ಎಡವಿರಬೇಕು. ಮೇವು ಬತ್ತದ ಹುಲ್ಲು, ದಿನಕ್ಕೆ ಎರಡು ಕೆಜಿ ತೌಡು. ಕಮ್ಯುನಿಕೇಟರ್ ಹೇಳಿದ್ದು: "ಅಗಲಿಕೆಯ ಶೋಕ. 21 ದಿನ ಪಕ್ಕದಲ್ಲಿ ಕೂತು ಕ್ಷಮೆ ಕೇಳಿ." ಹತ್ತು ದಿನ ಆಯಿತು, ಬದಲಾವಣೆ ಇಲ್ಲ. (ಹೊಸನಗರದ ಓದುಗರು)

ಉತ್ತರ: ಜಾರಿ ಎಡವಿದ ಕುದುರೆಗೆ ಗಾಯ ಸಾಮಾನ್ಯವಾಗಿ ಒಂದೇ ಕಾಲಿಗೆ, ಒಂದೇ ಸಲ ಆಗುತ್ತದೆ. ನಿಮ್ಮ ಕುದುರೆಯ ಎರಡೂ ಮುಂಗಾಲನ್ನು ಹತ್ತಿರದಿಂದ ನೋಡಿ. ಗೊರಸಿನ ಮೇಲಿನ ಗಿಣ್ಣಿನ ಮುಂಭಾಗದಲ್ಲಿ, ಎರಡೂ ಕಡೆ, ಹಳೆಯ ಹೆಕ್ಕಳೆಯ ಮೇಲೆ ಹೊಸ ತರಚು ಇದ್ದರೆ ಅದು ರಾತ್ರಿಯ ಗಾಯ. ಕುದುರೆ ನಿದ್ದೆಗೆಟ್ಟಿದೆ.

ಕುದುರೆ ನಿಂತೇ ನಿದ್ದೆ ಮಾಡುತ್ತದೆ ಅನ್ನುವುದು ಅರ್ಧ ಮಾತು. ತೂಕಡಿಕೆ, ಹಗುರ ನಿದ್ದೆ ನಿಂತು ಆಗುತ್ತದೆ. ಕನಸಿನ ನಿದ್ದೆಗೆ ಸ್ನಾಯುಗಳೆಲ್ಲ ಸಡಿಲವಾಗಬೇಕು, ಅದಕ್ಕೆ ಮಲಗಲೇಬೇಕು. ದಿನಕ್ಕೆ ಒಟ್ಟು ಮೂರರಿಂದ ಐದು ಗಂಟೆ ನಿದ್ದೆಯಲ್ಲಿ ಅರ್ಧದಿಂದ ಒಂದು ಗಂಟೆ ಇಂಥದ್ದು. ಅದು ದಿನಗಟ್ಟಲೆ ತಪ್ಪಿದರೆ ನಿಂತಿದ್ದಂತೆಯೇ ಕನಸಿಗೆ ಜಾರುತ್ತದೆ: ತಲೆ ಇಳಿಯುತ್ತದೆ, ಮೂಗು ನೆಲಕ್ಕೆ ತಾಗುವಷ್ಟಾಗುತ್ತದೆ, ಮುಂಗಾಲು ಮಡಚಿ ಗಿಣ್ಣು ನೆಲಕ್ಕೆ ಬಡಿಯುತ್ತದೆ, ಬೆಚ್ಚಿ ಎದ್ದು ನಿಲ್ಲುತ್ತದೆ. ಒಂದು ರಾತ್ರಿಯಲ್ಲಿ ಇದು ಹಲವು ಸಲ ಆಗಬಹುದು. ಹಳೆಯ ಫೋನೊಂದನ್ನು ಕಂಬಕ್ಕೆ ಕಟ್ಟಿ ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ ಚಿತ್ರೀಕರಿಸಿ, ಕಾಣುತ್ತದೆ. ಮೂರು ರಾತ್ರಿ ನೋಡಿ.

ಏಕೆ ಮಲಗುತ್ತಿಲ್ಲ? ಎರಡು ಕಾರಣ ಒಂದೇ ತಿಂಗಳಲ್ಲಿ ಕೂಡಿವೆ. ಒಂದು ಮಲಗಿದರೆ ಇನ್ನೊಂದು ನಿಂತು ಕಾಯುವುದು ಕುದುರೆಗಳ ಪದ್ಧತಿ, ಕಾಯುವವನು ಹೋದ. ಹೊಸನಗರದ ಜೂನ್ ಜುಲೈಯಲ್ಲಿ ಕೊಟ್ಟಿಗೆಯ ನೆಲ ಆರುವುದಿಲ್ಲ. ಒದ್ದೆ ನೆಲದಲ್ಲಿ ಕುದುರೆ ಮಲಗಲು ಒಪ್ಪುವುದಿಲ್ಲ. ಹದಿನಾಲ್ಕು ವರ್ಷಕ್ಕೆ ಕೀಲುನೋವು ಸೇರಿದ್ದರೆ ಮಲಗಿ ಏಳುವುದೂ ಕಷ್ಟ. ಹಾಗಾಗಿ ಕಮ್ಯುನಿಕೇಟರ್ ಹೇಳಿದ್ದು ಅರ್ಧ ಸರಿ ಅನ್ನೋಣ. ಅಗಲಿಕೆ ಕುದುರೆಗೆ ತಾಗುತ್ತದೆ, ಮೊದಲ ಕೆಲವು ದಿನ ಕೆನೆಯುವುದು, ಬೇಲಿಯುದ್ದಕ್ಕೂ ಓಡಾಡುವುದು ಎಲ್ಲರೂ ಕಂಡದ್ದೇ. ತಪ್ಪಿದ್ದು ಮದ್ದು. ಶೋಕ ಎಂಬ ಹೆಸರು ಸಿಕ್ಕಿದ ಕೂಡಲೇ ಯಾರೂ ಕಾಲು ಎತ್ತಿ ನೋಡಲಿಲ್ಲ.

ನೆಲದಿಂದ ಶುರು ಮಾಡಿ. ಕನಿಷ್ಠ 3×3 ಮೀಟರ್ ಜಾಗ, ದೊಡ್ಡ ಕುದುರೆಯಾದರೆ 3.6×3.6. ಜಂಬಿಟ್ಟಿಗೆ ನೆಲದ ಮೇಲೆ ಮರಳು, ಅದರ ಮೇಲೆ ಒಣ ಬತ್ತದ ಹುಲ್ಲು, ತುಳಿದ ಮೇಲೂ 15 ಸೆಂಟಿಮೀಟರ್ ಉಳಿಯಬೇಕು. ಹಸುವಿನ ಕೊಟ್ಟಿಗೆಗೆ ಹಾಸುವ ಹಾಗೆ ಸೊಪ್ಪು ದರಗು ಹಾಸಿ ವಾರಗಟ್ಟಲೆ ಬಿಡುವ ಮಲೆನಾಡಿನ ಕ್ರಮ ಕುದುರೆಗೆ ಆಗದು. ಗೊಬ್ಬರಕ್ಕೆ ಒಳ್ಳೆಯದು, ಆದರೆ ಉಚ್ಚೆಯ ಅಮೋನಿಯಾ ಶ್ವಾಸಕೋಶಕ್ಕೆ ಕೆಡುಕು, ತೇವ ಗೊರಸಿಗೆ ಕೆಡುಕು. ಗೊರಸಿನಡಿಯ ತ್ರಿಕೋನದ ಮೆತ್ತನೆ ಭಾಗ ಕಪ್ಪಾಗಿ ಕೊಳೆತ ವಾಸನೆ ಬರುತ್ತಿದೆಯೇ ಅಂತಲೂ ಮೂಸಿ ನೋಡಿ. ಒದ್ದೆಯಾದದ್ದನ್ನು ದಿನಾ ತೆಗೆಯಬೇಕು.

ಜೊತೆಗೆ ಇನ್ನೊಂದು ಕುದುರೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗುವವರೆಗೆ ಹಸುವನ್ನೋ ಆಡನ್ನೋ ಕಾಣುವಷ್ಟು ಹತ್ತಿರ ಕಟ್ಟಿ. ಆದರೆ ಹಸುವಿನ ಹಿಂಡಿ, ಫೀಡು ಕುದುರೆಯ ಬಾಯಿಗೆ ಸಿಗಬಾರದು. ಕೆಲವು ಪಶು ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ಹಸುವಿಗೆ ಹಿತವಾದ ಅದೇ ಪದಾರ್ಥ ಸ್ವಲ್ಪವೇ ಹೋದರೂ ಕುದುರೆಯ ಹೃದಯದ ಸ್ನಾಯುವನ್ನು ಕೊಲ್ಲುತ್ತದೆ.

ಪಕ್ಕದಲ್ಲಿ ಕೂರುವುದನ್ನು ಬಿಡಬೇಕಾಗಿಲ್ಲ, ಕೈಗೆ ಕೆಲಸ ಕೊಡಿ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆಯುವ ಜಾಗ ಹೆಗಲ ದಿಬ್ಬದ ಮುಂದೆ, ಜೂಲು ಮುಗಿಯುವಲ್ಲಿ. ಅಲ್ಲಿ ಕೆರೆದರೆ ಹೃದಯ ಬಡಿತ ಇಳಿಯುತ್ತದೆ ಎಂದು 1993ರಲ್ಲಿ ಫ್ರಾನ್ಸಿನ ಕಾಮಾರ್ಗ್ ಕುದುರೆಗಳಲ್ಲಿ ಅಳೆದು ತೋರಿಸಿದ್ದಾರೆ. ದವಡೆಯ ಕೆಳಗಿನ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. 28ರಿಂದ 44 ಸಹಜ. ಐದು ನಿಮಿಷ ಗಟ್ಟಿಯಾಗಿ ಬೆರಳಿಂದ ಕೆರೆದು ಮತ್ತೆ ಎಣಿಸಿ. ಮೇಲ್ದುಟಿ ಮುಂದಕ್ಕೆ ಚಾಚಿ ನಡುಗತೊಡಗಿದರೆ ಸರಿಯಾದ ಜಾಗ ಸಿಕ್ಕಿದೆ.

ಇನ್ನು ತೌಡು. ಎರಡು ಕೆಜಿ ಬಹಳವಾಯಿತು. ತೌಡಿನಲ್ಲಿ ರಂಜಕ (ಫಾಸ್ಫರಸ್) ಹೇರಳ, ಸುಣ್ಣದಂಶ (ಕ್ಯಾಲ್ಸಿಯಂ) ಇಲ್ಲವೆನ್ನುವಷ್ಟು. ರಕ್ತಕ್ಕೆ ಬೇಕಾದ ಸುಣ್ಣವನ್ನು ದೇಹ ಎಲುಬಿನಿಂದ ಕೀಳುತ್ತದೆ. ಮೊದಲು ಕಾಲು ಬದಲಿಸುತ್ತ ಕುಂಟು, ಮುಟ್ಟಿದರೆ ಸಿಡುಕು. ಕೊನೆಗೆ ಮುಖದ ಎಲುಬು ಊದಿ "ದೊಡ್ಡ ತಲೆ" ರೋಗ. ನೇಪಿಯರ್ ಹುಲ್ಲನ್ನೇ ನಂಬಿದವರಿಗೂ ಇದೇ ಗತಿ, ಅದರ ಆಕ್ಸಲೇಟ್ ಸುಣ್ಣವನ್ನು ಹಿಡಿದಿಡುತ್ತದೆ. ತೌಡನ್ನು ಅರ್ಧ ಕೆಜಿಗೆ ಇಳಿಸಿ, ಕಾಡುಹುಲ್ಲು, ಬೇಣದ ಹುಲ್ಲು ಹೆಚ್ಚಿಸಿ. ಪ್ರತಿ ಕೆಜಿ ತೌಡಿಗೆ ಸುಮಾರು 40 ಗ್ರಾಂ ಪಶು ಆಹಾರ ದರ್ಜೆಯ ಸುಣ್ಣದ ಕಲ್ಲಿನ ಪುಡಿ ಬೆರೆಸಿದರೆ ಸುಣ್ಣ ರಂಜಕ ಸುಮಾರಾಗಿ ಸಮಸಮ ಆಗುತ್ತದೆ. ತಾಂಬೂಲದ ಸುಣ್ಣ ಅಲ್ಲ, ದಯವಿಟ್ಟು.

ಇಷ್ಟರ ನಡುವೆ ಜ್ವರ ನೋಡುವುದು ಮರೆಯಬೇಡಿ. ಮಳೆಗಾಲದ ಕಚ್ಚುವ ದೊಡ್ಡ ನೊಣಗಳು ಸರ್ರಾ ರೋಗ ಹರಡುತ್ತವೆ: ಬಂದು ಹೋಗುವ ಜ್ವರ, ಮಂಕು, ಬಿಳಿಚಿದ ಒಸಡು, ಹೊಟ್ಟೆಯಡಿ ಮತ್ತು ಕಾಲಿನಲ್ಲಿ ಬಾವು, ತಿಂದರೂ ಇಳಿಯುವ ಮೈ. 38.6 ದಾಟಿದ ದಿನವೇ ರಕ್ತದ ಲೇಪ ತೆಗೆಸಿದರೆ ರೋಗಾಣು ಸಿಗುವ ಸಾಧ್ಯತೆ ಹೆಚ್ಚು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಹೆಚ್ಚಿನ ತಪಾಸಣೆಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇದೆ.

ಪ್ರಶ್ನೆ: ಕಮ್ಯುನಿಕೇಟರ್‌ಗಿಂತ ನಮ್ಮ ಹಿರಿಯರ ಸುಳಿ ನೋಡುವ ಕ್ರಮವೇ ಮೇಲಲ್ಲವೇ? ಕಣ್ಣೀರು ಸುಳಿ ಇದೆಯೆಂದು ಒಂದು ಒಳ್ಳೆಯ ಕುದುರೆ ಬಿಟ್ಟೆವು. (ಶಿಕಾರಿಪುರದ ಓದುಗರು)

ಉತ್ತರ: ಸುಳಿ ಕನಿಷ್ಠ ಕುದುರೆಯ ಮೈಮೇಲಿದೆ, ಅಷ್ಟರಮಟ್ಟಿಗೆ ಮೇಲು. ಕುತ್ತಿಗೆಯ ಅಡಿಯ ಸುಳಿ ದೇವಮಣಿ, ಅದಿದ್ದರೆ ಯಜಮಾನನಿಗೆ ಏಳಿಗೆ; ಕಣ್ಣಿನ ಕೆಳಗಿನದು ಕಣ್ಣೀರು ಸುಳಿ, ಮನೆಗೆ ದುಃಖ. ಈ ಲೆಕ್ಕ ಯಜಮಾನನ ಭವಿಷ್ಯದ್ದು, ಕುದುರೆಯ ಸ್ವಭಾವದ್ದಲ್ಲ. ಹಣೆಯ ಸುಳಿ ಕಣ್ಣಿಗಿಂತ ಮೇಲಿದ್ದರೆ ಅಥವಾ ಉದ್ದಕ್ಕೆ ಎಳೆದಂತಿದ್ದರೆ ಕುದುರೆ ಪಳಗಿಸಲು ಸ್ವಲ್ಪ ಕಷ್ಟ ಎಂದು ಕಂಡ ಅಧ್ಯಯನಗಳಿವೆ, ಆದರೆ ಒಂದು ಕುದುರೆ ಕೊಳ್ಳಲು ಬಿಡಲು ಸಾಕಾಗುವಷ್ಟು ಗಟ್ಟಿ ನಂಟಲ್ಲ ಅದು. ಸುಳಿಯ ನಿಜವಾದ ಉಪಯೋಗ ಗುರುತಿಗೆ: ಒಂದೇ ಬಣ್ಣದ ಎರಡು ಕುದುರೆಗಳನ್ನು ಬೇರೆ ಮಾಡಲು ಕುದುರೆಯ ದಾಖಲೆಪತ್ರದ ಚಿತ್ರದಲ್ಲಿ ಸುಳಿಗಳನ್ನು ಗುರುತು ಹಾಕುತ್ತಾರೆ. ಮುಂದಿನ ಸಲ ಕಣ್ಣೀರು ಸುಳಿಯ ಕುದುರೆ ಕಂಡರೆ ಚೌಕಾಸಿ ಮಾಡಿ. ಊರಿನವರು ಬೆಲೆ ಇಳಿಸಿಟ್ಟಿರುತ್ತಾರೆ.

ಪ್ರಶ್ನೆ: ನನ್ನ ಕುದುರೆಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. "ಓಡಿಸೋಣ" ಅಂತ ಮನಸ್ಸಿನಲ್ಲಿ ಅಂದುಕೊಂಡರೆ ಓಡುತ್ತದೆ. ಇದು ಟೆಲಿಪತಿ ಅಲ್ಲದೆ ಇನ್ನೇನು? (ಶಿವಮೊಗ್ಗದ ಓದುಗರು)

ಉತ್ತರ: ಇದೇ ಪ್ರಶ್ನೆ 1904ರಲ್ಲಿ ಬರ್ಲಿನ್‌ನಲ್ಲಿ ಎದ್ದಿತ್ತು. ವಿಲ್ಹೆಲ್ಮ್ ಫಾನ್ ಓಸ್ಟನ್ ಎಂಬ ನಿವೃತ್ತ ಗಣಿತ ಮೇಷ್ಟರ ಕುದುರೆ ಹಾನ್ಸ್, ಕೂಡುವ ಕಳೆಯುವ ಲೆಕ್ಕಕ್ಕೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಮೋಸ ಇಲ್ಲವೆಂದು ಸಮಿತಿಯೇ ಹೇಳಿತು. ಆಮೇಲೆ ಮನಶ್ಶಾಸ್ತ್ರಜ್ಞ ಓಸ್ಕರ್ ಫುಂಗ್ಸ್ಟ್ ಕೂಲಂಕಷ ನೋಡಿದ. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಅವನು ಕುದುರೆಗೆ ಕಾಣದಂತೆ ನಿಂತರೆ, ಹಾನ್ಸ್‌ಗೆ ಲೆಕ್ಕ ಬರುತ್ತಿರಲಿಲ್ಲ. ಕೇಳಿದವನು ಗೊರಸು ನೋಡಲು ತಲೆ ಕೂದಲೆಳೆಯಷ್ಟು ಬಗ್ಗಿಸುತ್ತಿದ್ದ. ಸರಿ ಸಂಖ್ಯೆ ಬಂದಾಗ ತಿಳಿಯದೆಯೇ ಎತ್ತುತ್ತಿದ್ದ. ಅದು ಕಂಡ ಕೂಡಲೇ ಕುದುರೆ ನಿಲ್ಲಿಸುತ್ತಿತ್ತು. ಗುಟ್ಟು ತಿಳಿದ ಮೇಲೂ ಆ ಚಲನೆಯನ್ನು ತಡೆಯುವುದು ಫುಂಗ್ಸ್ಟ್‌ಗೇ ಕಷ್ಟವಾಗಿತ್ತು.

ಬೆನ್ನ ಮೇಲೆ ಕೂತ ನಿಮ್ಮ ವಿಷಯದಲ್ಲಿ ಕಾಣುವುದೂ ಬೇಡ. ನೊಣ ಕೂತರೆ ಅಷ್ಟೇ ಜಾಗದ ಚರ್ಮ ಅದುರಿಸುವ ಪ್ರಾಣಿ ಅದು. ಓಡಿಸೋಣ ಅಂದುಕೊಂಡ ಗಳಿಗೆಯಲ್ಲಿ ನಿಮ್ಮ ಉಸಿರು ಏರುತ್ತದೆ, ಸೊಂಟ ಮುಂದಕ್ಕೆ ಸರಿಯುತ್ತದೆ, ಹಿಮ್ಮಡಿ ಬಿಗಿಯುತ್ತದೆ. ಪರೀಕ್ಷೆ ಬೇಕೇ? ಕುದುರೆಯನ್ನು ಬಯಲಿನಲ್ಲಿ ಬಿಟ್ಟು ನೀವು ಗೋಡೆಯ ಹಿಂದೆ ನಿಲ್ಲಿ. ಗೆಳೆಯರೊಬ್ಬರು ಹತ್ತು ಚೀಟಿ ಮಡಚಿ, ಐದರಲ್ಲಿ "ಓಡು", ಐದರಲ್ಲಿ "ನಿಲ್ಲು" ಬರೆದು ಕೊಡಲಿ. ನಿಮಿಷಕ್ಕೊಂದರಂತೆ ಬಿಡಿಸಿ ಮನಸ್ಸಿನಲ್ಲೇ ಅಂದುಕೊಳ್ಳಿ. ಚೀಟಿ ಕಾಣದ ಇನ್ನೊಬ್ಬರು ಕುದುರೆ ಮಾಡಿದ್ದನ್ನು ಬರೆದುಕೊಳ್ಳಲಿ. ಮುಖ ಓದುವುದರಲ್ಲೂ ಕುದುರೆಗಳು ಗಟ್ಟಿಗರು. ಸಿಟ್ಟಿನ ಮನುಷ್ಯಮುಖದ ಫೋಟೊ ತೋರಿಸಿದಾಗ ಕುದುರೆಗಳು ಎಡಗಣ್ಣಿನಿಂದ ನೋಡಿದವು, ಎದೆಬಡಿತ ಬೇಗ ಏರಿತು ಎಂದು 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಸಾಲ ವಸೂಲಿಯ ಫೋನು ಮುಗಿಸಿ ನೇರ ಲಾಯಕ್ಕೆ ಹೋಗಬೇಡಿ.

ಒಂದು ಮಾತು ನ್ಯಾಯಕ್ಕೆ: ಲಾಯಕ್ಕೆ ಬಂದು ಗಂಟೆಗಟ್ಟಲೆ ಸುಮ್ಮನೆ ನಿಂತು ನೋಡುವ ಕಮ್ಯುನಿಕೇಟರ್‌ಗಳೂ ಇದ್ದಾರೆ. ಅಂಥವರು ಹೇಳಿದ್ದರಲ್ಲಿ ಹುರುಳಿರುತ್ತದೆ. ನೋಡಿದವರಿಗೆ ಕಾಣುತ್ತದೆ.

ಪ್ರಶ್ನೆ: ನಮ್ಮ ಕುದುರೆ ಅಳುತ್ತದೆ, ಎಡಗಣ್ಣಿನಲ್ಲಿ ನೀರು. ಮನೆ ಬದಲಾದ ದುಃಖವೇ? (ಕೊಪ್ಪದ ಓದುಗರು)

ಉತ್ತರ: ದುಃಖಕ್ಕೆ ಕುದುರೆ ಕಣ್ಣೀರು ಹಾಕುವುದಿಲ್ಲ, ಅದೂ ಒಂದೇ ಕಣ್ಣಿನಲ್ಲಿ. ಎರಡೂ ಕಣ್ಣಲ್ಲಿ ತಿಳಿನೀರು, ಕಣ್ಣು ಪೂರ್ತಿ ತೆರೆದಿದೆ ಅಂದರೆ ನೊಣವೋ ಹೊಗೆಯೋ ಇರಬೇಕು. ನೊಣದ ಬಲೆಮುಖವಾಡ ಹಾಕಿ, ಒರೆಸಿ, ಎರಡು ದಿನ ನೋಡಿ. ಕಣ್ಣಿಂದ ಮೂಗಿಗೆ ಇಳಿಯುವ ನಾಳ ಕಟ್ಟಿಕೊಂಡರೂ ಒಂದೇ ಕಡೆ ಸೋರುತ್ತದೆ. ನೀರಿನ ಜೊತೆ ಕಣ್ಣು ಕಿರಿದು ಮಾಡಿದ್ದರೆ, ರೆಪ್ಪೆಗೂದಲು ಬಲಗಣ್ಣಿನದಕ್ಕಿಂತ ಕೆಳಕ್ಕೆ ಬಾಗಿದ್ದರೆ, ಗುಡ್ಡೆಯ ಮೇಲೆ ನೀಲಿ ಮಬ್ಬು ಕಂಡರೆ ಅದು ಹುಣ್ಣಿರಬಹುದು. ಅದೇ ದಿನ ಡಾಕ್ಟರ್ ಬೇಕು. ಅಲ್ಲಿಯವರೆಗೆ ಕತ್ತಲೆ ಕೊಟ್ಟಿಗೆಯಲ್ಲಿ ಕಟ್ಟಿ, ಉಜ್ಜಿಕೊಳ್ಳಲು ಬಿಡಬೇಡಿ. ಮನೆಯಲ್ಲಿ ಉಳಿದ ಸ್ಟೆರಾಯ್ಡ್ ಇರುವ ಕಣ್ಣಿನ ಹನಿ ಹಾಕಿದರೆ ಹುಣ್ಣು ಒಂದೆರಡು ದಿನದಲ್ಲಿ ಕಣ್ಣನ್ನೇ ಕರಗಿಸಬಲ್ಲದು. ಹನಿಯ ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್ ಎಂಬ ಹೆಸರುಗಳಿದ್ದರೆ ಮುಚ್ಚಳ ತೆಗೆಯಬೇಡಿ.